ಕುಂಚಿಗಿ ಮೊಳೆಯ ಮೇಲಿತ್ತು

ಈಗ ಫೋನ್ ಮಾಡಿದರೆ ಊರಿಗೆ ಊರೇ ಕಾಲುವೆ ದಂಡೆಗೆ ಓಡುತ್ತದೆ. ಮಾಡದಿದ್ದರೆ? ಈಗಾಗಲೇ ಓಡಿದ್ದರೆ? ಓಡಿದ್ದರೆ ಇಷ್ಟೊತ್ತಿಗೆ ತನ್ನ ಫೋನ್ ಬಡಿದುಕೊಳ್ಳಬೇಕಿತ್ತಲ್ಲ. ಬಡಿದುಕೊಂಡಿಲ್ಲ ಅಂದರೆ ಯಾರಿಗೂ ಗೊತ್ತಾಗಿಲ್ಲ ಅಂತಲೋ, ಫೋನ್ ಮಾಡುವಷ್ಟು ಎಚ್ಚರ ಯಾರಿಗೂ ಉಳಿದಿಲ್ಲ ಅಂತಲೋ?

ಗುರುಬಸವ ಟಂಟಂ ಗಾಡಿಗೆ ಹೊದಿಸಿದ ತಾಡಪತ್ರಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಹಾಗೇ ನಿಂತಿದ್ದ. ರೊಟ್ಟಿಯ ಡಬ್ಬಿಗಳ ಸಂದಿಯಲ್ಲಿ, ಕಾಲು ಚಾಚಿಕೊಂಡು, ಊರಲ್ಲಿ ರೊಟ್ಟಿ ಬಡಿಯುವ ಶಿವಗಂಗಾಳ ಮಗಳು ಆದಮ್ಮ ಕೂತಿದ್ದಳು. ಎರಡು ವರ್ಷದ ಕೂಸು. ಒಂದು ಖಡಕ್ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಚಿನಿಂದ ಕಡಿಯುತ್ತಿತ್ತು. ಸಾಲಗುಂದದಿಂದ ಸಿಂಧನೂರಿನವರೆಗೆ, ಅಷ್ಟೂ ದಾರಿ, ಅದು ಅಲ್ಲೇ ಇತ್ತು. ತಗ್ಗಿನಲ್ಲಿ ಗಾಡಿ ಹಾರಿದಾಗಲೂ. ಕಾಲುವೆಯ ಸೇತುವೆಯ ಮೇಲೆ ಭತ್ತದ ಲಾರಿಗೆ ದಾರಿ ಕೊಡಲು ಅವನು ಅಂಚಿಗೆ ಸರಿದಾಗಲೂ.

"ಅರೇ, ಯಾರ ಕೂಸ್ರೀ ಇದು?" ಅಂಗಡಿಯಿಂದ ಚಾಂದ್‌ಪಾಷಾ ಹೊರಗೆ ಬಂದ. ಮಸ್ಕಿ, ಲಿಂಗಸುಗೂರಿನ ಖಾನಾವಳಿಗಳಿಗೆಲ್ಲ ರೊಟ್ಟಿ ಕಳಿಸುವ ವ್ಯಾಪಾರಿ ಅವನು.

"ನಮ್ಮದ ರೀ," ಗುರುಬಸವನ ಬಾಯಿಂದ ಅದು ತಾನಾಗಿ ಬಂತು. "ಅಳಾಕತ್ತಿತ್ತು. ಕರ್ಕೊಂಡ್ ಬಂದೀನಿ."

"ಡಬ್ಬಿ ಜೋಡಿ ಮಗಳನ್ನೂ ಪ್ಯಾಕ್ ಮಾಡೀರಲ್ಲಪ!" ಚಾಂದ್‌ಪಾಷಾ ನಕ್ಕು ಕೂಸಿನ ಕೈಗೆ ಕ್ರೀಮ್ ಬಿಸ್ಕತ್ತು ಕೊಟ್ಟ. "ಸೋಮವಾರ ನಿಮ್ಮೂರಿಗೆ ಬರ್ತೀನಿ. ದಿನಕ್ಕ ಎರಡು ಸಾವಿರ ರೊಟ್ಟಿ ಬೇಕು ನನಗ. ಮಾಡ್ತಾರಿಲ್ಲ ನಿಮ್ಮ ಹೆಣ್ಮಕ್ಕಳು?"

"ಮಾಡ್ತಾರ್ರಿ," ಎಂದು ಗುರುಬಸವ ಡಬ್ಬಿಗಳನ್ನು ಇಳಿಸಿದ. ಕೂಸನ್ನು ತನ್ನ ಮಗ್ಗುಲಿಗೆ ಕೂರಿಸಿ, ಅದರ ನಡುವಿಗೆ ಟವೆಲ್ ಸುತ್ತಿ ಸೀಟಿನ ಸರಳಿಗೆ ಬಿಗಿದು, ಗಾಡಿ ತಿರುಗಿಸಿದ.

ದಾರಿಯುದ್ದಕ್ಕೂ ಒಂದೇ ಚಿತ್ರ: ರೊಟ್ಟಿ ಬಡಿಯುವ ಜಾಗದ ಹಿಂಬಾಗಿಲು. ಪಂಚಾಯ್ತಿಯ ಹಳೆಯ ಬೀಜದ ಗೋದಾಮು ಅದು. ಮುಂದಿನ ಅಂಕಣದಲ್ಲಿ ಅವನ ಹೆಂಡತಿ ರಾಜಶ್ರೀ ಮತ್ತು ಏಳು ಜನ ಹೆಂಗಸರು ರೊಟ್ಟಿ ಬಡಿಯುತ್ತಾರೆ. ಹಿಂದಿನ ಕೋಣೆಯಲ್ಲಿ ಖಾತೂನ್‌ಬೀ ಅವರ ಕೂಸುಗಳನ್ನು ನೋಡಿಕೊಳ್ಳುತ್ತಾಳೆ. ಮೊದಲು ರಾಜಶ್ರೀ ಮನೆಯಲ್ಲೇ ಬಡಿಯುತ್ತಿದ್ದಳು, ಮಗನನ್ನು ಒಲೆಯ ಪಕ್ಕ ಕೂರಿಸಿಕೊಂಡು. ಒಂದು ದಿನ ಆ ಮಗ, ಅನಿಲಕುಮಾರ, ರೊಟ್ಟಿಯ ಕಾದ ಹಂಚಿನ ಮೇಲೆ ಅಂಗೈ ಊರಿದ. ಅವನ ಮೂರು ಬೆರಳು ಇವತ್ತಿಗೂ ಪೂರ್ತಿ ಬಿಚ್ಚುವುದಿಲ್ಲ. ಆಮೇಲೆ ರಾಜಶ್ರೀ ಆರು ತಿಂಗಳು ಹಂಚನ್ನೇ ಮುಟ್ಟಲಿಲ್ಲ. ಖಾತೂನ್‌ಬೀ ತಾನಾಗಿ ಬಂದು, "ಕೂಸು ನನ್ನ ಕೈಯಾಗ ಕೊಡ್ರಿ, ನೀವು ರೊಟ್ಟಿ ಬಡೀರಿ," ಎಂದ ಮೇಲೆಯೇ ಈ ಕೆಲಸ ಎದ್ದು ನಿಂತದ್ದು.

ಕೋಣೆ ಕೊಡುವಾಗ ಪಂಚಾಯ್ತಿ ಮೆಂಬರ್ ಅಂಬಪ್ಪ ಒಂದೇ ಮಾತು ಹೇಳಿದ್ದ. "ಹಿಂದ ಕಾಲುವೆ ಐತಿ. ಒಂದ ಕೂಸು ಹೊಸ್ತಿಲ ದಾಟಿತಂದ್ರ ಮರುದಿನ ಕೀಲಿ ಹಾಕ್ತೀನಿ. ಆಮ್ಯಾಲ ನನ್ನ ಮುಂದ ಬಂದು ಅಳಬ್ಯಾಡ್ರಿ."

ಅದಕ್ಕೇ ಹಿಂಬಾಗಿಲಿಗೆ ಯಾವಾಗಲೂ ಚಿಲಕ. ಡಬ್ಬಿಗಳನ್ನು ಮುಂದಿನಿಂದಲೇ ಸುತ್ತು ಹಾಕಿ ಒಯ್ಯಬೇಕು. ಇವತ್ತು ತಡವಾಗಿತ್ತು. ಗುರುಬಸವ ಗಾಡಿಯನ್ನು ಹಿಂದಿನ ಮೆಟ್ಟಿಲಿಗೆ ಹಚ್ಚಿ ನಿಲ್ಲಿಸಿದ್ದ. ಖಾತೂನ್‌ಬೀ ಬೆನ್ನು ಮಾಡಿ ಕೂಸೊಂದಕ್ಕೆ ಗಂಜಿ ಕುಡಿಸುತ್ತಿದ್ದಳು; ರೊಟ್ಟಿ ಬಡಿಯುವ ಸದ್ದಿನಲ್ಲಿ ಅವನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಚಿಲಕ ಸರಿಸಿ ನಾಲ್ಕು ಸಲ ಓಡಾಡಿದ. ಕೊನೆಯ ಸಲ ಎರಡೂ ಕೈಯಲ್ಲಿ ಡಬ್ಬಿ ಇದ್ದವು. ಕಾಲಿನಿಂದ ಬಾಗಿಲು ದೂಡಿದ. ಮುಂದೆ ಹೋಗಿ ರಾಜಶ್ರೀಯಿಂದ ರಸೀದಿ ತಂದ, ತಾಡಪತ್ರಿ ಬಿಗಿದ, ಹೊರಟ. ದೂಡಿದ ಬಾಗಿಲಿಗೆ ಒಳಗಿನ ಚಿಲಕ ತಾನಾಗಿ ಬೀಳುತ್ತದೆಯೇ?

ಅವನು ಸಾಲಗುಂದ ಮುಟ್ಟಿದಾಗ ಕಾಲುವೆ ದಂಡೆಯಲ್ಲಿ ಯಾರೂ ಇರಲಿಲ್ಲ. ಗೋದಾಮಿನ ಮುಂದಿನಿಂದ ರೊಟ್ಟಿ ಬಡಿಯುವ ಸದ್ದು, ಅದರ ನಡುವೆ ಯಾರದೋ ನಗು. ಗುರುಬಸವ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದ. ಹಿಂಬಾಗಿಲನ್ನು ಬೆರಳಿನಿಂದ ಒತ್ತಿದ, ಸದ್ದಿಲ್ಲದೆ ತೆರೆಯಿತು. ಆದಮ್ಮನನ್ನು ಒಳಗೆ ಇಳಿಸಿದ.

ಕೂಸುಗಳು ಮಲಗಿದ್ದವು. ಗೋಡೆಯ ಮೊಳೆಗಳಿಗೆ ಹನ್ನೊಂದು ಕುಂಚಿಗಿ, ಕೂಸುಗಳ ತಲೆಗೆ ಕಟ್ಟುವ ಬಟ್ಟೆಯ ಟೊಪ್ಪಿಗೆಗಳು, ನೇತಾಡುತ್ತಿದ್ದವು. ಅದೇ ಖಾತೂನ್‌ಬೀಯ ಹಾಜರಿ. ಕೂಸುಗಳ ತಲೆ ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಊರಿನಲ್ಲಿ ಯಾರೂ ಎಣಿಸುವುದಿಲ್ಲ. ತಾಯಿ ಕೂಸನ್ನು ಬಿಟ್ಟು ಹೋಗುವಾಗ ಅದರ ತಲೆಯ ಕುಂಚಿಗಿ ಬಿಚ್ಚಿ ಮೊಳೆಗೆ ಹಾಕಬೇಕು; ಒಯ್ಯುವಾಗ ಕಟ್ಟಿ ಒಯ್ಯಬೇಕು. ಕುಂಚಿಗಿ ಮೊಳೆಯ ಮೇಲಿದ್ದರೆ ಕೂಸು ಒಳಗಿದೆ ಎಂದರ್ಥ. ಆದಮ್ಮನ ಹಸಿರು ಕುಂಚಿಗಿ ಬೆಳಗಿನಿಂದ ಅಲ್ಲೇ ಇತ್ತು.

ಖಾತೂನ್‌ಬೀ ತಿರುಗಿ ನೋಡಿದಳು. "ಯಾಕ ತಮ್ಮಾ, ಲಗೂನ ಬಂದಿ?"

"ಹಗ್ಗ ಮರ್ತಿದ್ದೆ, ಯವ್ವಾ."

ಅವಳ ಕಣ್ಣು ಆದಮ್ಮನ ಬಾಯಿಗೆ ಹತ್ತಿದ ಕ್ರೀಮಿನ ಮೇಲೆ ನಿಂತಿತು. ಆ ಕೋಣೆಯಲ್ಲಿ ಬಿಸ್ಕತ್ತು ಇರಲಿಲ್ಲ. ಆಮೇಲೆ ಕೂಸಿನ ಕೂದಲಿನ ದೂಳು, ಮೊಳೆಯ ಮೇಲಿನ ಹಸಿರು ಕುಂಚಿಗಿ, ಕೊನೆಗೆ ಬಾಗಿಲ ಚಿಲಕ. ಅವಳ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು, ಬಹಳ ಹೊತ್ತು, ಕ್ರೀಮು ಹೋದ ಮೇಲೂ.

ಮರುದಿನ ಹಿಂಬಾಗಿಲಿಗೆ ಒರಳುಗುಂಡು ಅಡ್ಡ ಬಿದ್ದಿತ್ತು. ಒಳಗಿನಿಂದ ಖಾತೂನ್‌ಬೀಯ ಪಿಸುದನಿ ಕೇಳಿತು. ಗುರುಬಸವ ಇಣುಕಿದರೆ, ಅವಳು ಒಂದೊಂದೇ ತಲೆ ಮುಟ್ಟುತ್ತ ಎಣಿಸುತ್ತಿದ್ದಳು. ಕಣದಲ್ಲಿ ರಾಶಿ ಅಳೆಯುವವರಂತೆ ಒಂದು ಎನ್ನದೆ, "ಲಾಭ... ಎರಡು... ಮೂರು..." ಹನ್ನೊಂದಕ್ಕೆ ಮುಟ್ಟಿ, ಉಸಿರು ಬಿಟ್ಟು, ಮತ್ತೆ ಲಾಭದಿಂದ ಶುರು. ಆ ದಿನ ಅವಳು ಎಷ್ಟು ಸಲ ಎಣಿಸಿದಳೋ. ಗುರುಬಸವ ಡಬ್ಬಿ ಹೊತ್ತು ಸುತ್ತು ಹಾಕಿಯೇ ಹೋದ.

ಸೋಮವಾರ ಬಂತು. ಗೋದಾಮಿನ ಮುಂದೆ ಚಾಪೆ ಹಾಸಿದರು. ಒಂದು ಕಡೆ ಅಂಬಪ್ಪ, ಚಾಂದ್‌ಪಾಷಾ, ಎದುರಿಗೆ ಹೆಂಗಸರು. ಹೊಸದಾಗಿ ಸೇರಬೇಕೆಂದು ಬಂದ ಆರು ಜನ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ನಿಂತಿದ್ದರು. ಕೂಸಿಗೆ ಜಾಗವಾದರೆ ಅವರು ಬರುತ್ತಾರೆ. ಅವರು ಬಂದರೆ ಎರಡು ಸಾವಿರ ರೊಟ್ಟಿ. ರಾಜಶ್ರೀ ಹೊಸ ಸೀರೆ ಉಟ್ಟಿದ್ದಳು. ಗುರುಬಸವ ಗಾಡಿಗೆ ಒರಗಿ, ಚಾಂದ್‌ಪಾಷಾನ ಬಾಯನ್ನೇ ನೋಡುತ್ತಿದ್ದ. ಬೆಳಗ್ಗೆಯೇ ಅವನಿಗೊಂದು ಮಾತು ಹೇಳಿಡಬೇಕಿತ್ತು. ಏನೆಂದು ಹೇಳಿಡುವುದು?

ವ್ಯವಹಾರದ ಮಾತೆಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಆದಮ್ಮ ತಪ್ಪುಹೆಜ್ಜೆ ಇಡುತ್ತ ಬಂದು ಚಾಂದ್‌ಪಾಷಾನ ಮೊಣಕಾಲು ಹಿಡಿದಳು.

"ಅರೇ ಬಾ ಬೇಟಾ! ಬಿಸ್ಕತ್ತಿನ ರುಚಿ ಹತ್ತೈತಿ ನೋಡ್ರಿ," ಎಂದು ಅವನು ನಕ್ಕ. "ರಾಜಶ್ರೀ ಅಕ್ಕಾರ, ನಿಮ್ಮ ಮಗಳು ಭಾಳ ಗಟ್ಟಿ. ಸಿಂಧನೂರು ತನಕ ಡಬ್ಬಿ ನಡಕ ಕುಂತು ಬಂದಾಳ, ಒಂಚೂರೂ ಅತ್ತಿಲ್ಲ."

"ನನಗೆಲ್ಲೈತ್ರೀ ಮಗಳು? ಒಬ್ಬನ ಮಗ," ಎಂದಳು ರಾಜಶ್ರೀ.

ಶಿವಗಂಗಾ ಎದ್ದು ನಿಂತಳು. ಅವಳ ಕೈಗೆ ಹಿಟ್ಟು ಮೆತ್ತಿತ್ತು. "ಸಿಂಧನೂರಿಗೆ? ನನ್ನ ಮಗಳು? ಯಾವಾಗ?"

ಅಂಬಪ್ಪ ಚಹಾದ ಕಪ್ಪು ಕೆಳಗಿಟ್ಟು ಗುರುಬಸವನ ಕಡೆ ತಿರುಗಿದ. ಗುರುಬಸವ ಗಾಡಿಯಿಂದ ಬೆನ್ನು ಎತ್ತಿ ನೆಟ್ಟಗೆ ನಿಂತ. ಈಗ ಹೇಳಬೇಕು. ಹೇಳಿದರೆ ಕೀಲಿ. ಹೇಳದಿದ್ದರೆ...

"ನಾನ ಕೊಟ್ಟು ಕಳಿಸಿದ್ದೆ." ಬಾಗಿಲಲ್ಲಿ ಖಾತೂನ್‌ಬೀ ನಿಂತಿದ್ದಳು. "ಹಲ್ಲು ಬರಾಕತ್ತಾವಲ್ಲ, ಅಳ್ತಿತ್ತು. ಗಾಳಿಗೆ ಸುಮ್ಮನಾಕ್ಕೈತಿ ಅಂತ ಗುರುನ ಜೋಡಿ ಕಳಿಸಿದೆ."

"ನನ್ನ ಒಂದು ಮಾತು ಕೇಳಲಾರದ?" ಶಿವಗಂಗಾ ಕೂಸನ್ನು ಕಸಿದು ಎದೆಗೆ ಒತ್ತಿಕೊಂಡಳು. "ಗ್ವಾಡಿ ಆಚೀಕ ನಾ ಕುಂತಿದ್ನಲ್ಲ ಬೀ! ಹಡದಾಕಿ ನಾನೋ ನೀನೋ?"

"ಕೂಸು ಕೊಟ್ಟು ಕಳಿಸಾಕ ಅದೇನು ರೊಟ್ಟಿ ಡಬ್ಬೀನ, ಮುದುಕಿ?" ಎಂದ ಅಂಬಪ್ಪ. ಇಬ್ಬರು ನಕ್ಕರು. ಅವನು ಸ್ವಲ್ಪ ಹೊತ್ತು ಮೀಸೆ ತಿಕ್ಕಿದ. "ಇರ್ಲಿ. ಕೂಸು ತಾನಾಗಿ ಹೊರಗ ಹೋಗಿಲ್ಲ, ದೊಡ್ಡವರ ಕೈಯಾಗ ಹೋಗೈತಿ. ಕ್ವಾಣಿ ನಿಮಗ ಇರ್ಲಿ. ಆದರ ಈಕಿ ಬ್ಯಾಡ. ಬ್ಯಾರೆ ಯಾರನರೆ ನೋಡ್ಕೊರಿ."

ಖಾತೂನ್‌ಬೀಯ ಜಾಗಕ್ಕೆ ಅದೇ ಊರಿನ ಕಸ್ತೂರೆಮ್ಮನನ್ನು ಗೊತ್ತು ಮಾಡಿದರು. ಆರು ಕೂಸುಗಳ ಕುಂಚಿಗಿಗೆ ಆರು ಹೊಸ ಮೊಳೆ ಹೊಡೆದರು. ಗುರುಬಸವನೇ ಹೊಡೆದ. ಒಂದು ಮೊಳೆ ಎರಡು ಸಲ ಬಾಗಿತು.

ಸಂಜೆ ಅವನು ಖಾತೂನ್‌ಬೀಯನ್ನು ಮನೆಗೆ ಬಿಡಲು ಗಾಡಿ ತೆಗೆದ. ಅವಳ ಬೀಸಣಿಗೆ, ಗಂಜಿಯ ಬಟ್ಟಲು, ಹೊದೆಯುವ ಒಂದು ಕೌದಿ, ಇಷ್ಟೇ ಸಾಮಾನು. ಓಣಿಯ ತಿರುವಿನಲ್ಲಿ ಅವಳೇ ಮಾತು ತೆಗೆದಳು.

"ಹೋಗ್ಲಿ ಬಿಡು ತಮ್ಮಾ. ನನಗೂ ವಯಸ್ಸಾತು. ದಿನಾ ಹಾಕೋ ಚಿಲಕ, ಅವತ್ತ ಹೆಂಗ ಮರ್ತೆನೋ. ನೆನಸ್ತೀನಿ ನೆನಸ್ತೀನಿ, ನೆನಪ ಆಗವಲ್ದು. ಕಾಲುವೆ ಕಡೆ ಹೋಗಿದ್ರ ನಾ ಯಾವ ಬಾಯಿಲೆ ಮಣ್ಣು ತಿನ್ನಬೇಕಿತ್ತು? ನೀ ನೋಡ್ಕೊಂಡು ಒಳಗ ತಂದು ಬಿಟ್ಟಿ, ಯಾರ ಮುಂದೂ ಅನಲಿಲ್ಲ. ನನ್ನ ಮಾನ ಉಳಿಸಿದಿ."

ಗಾಡಿ ಅವಳ ಮನೆ ಮುಂದೆ ನಿಂತಿತು. ಗುರುಬಸವ ಎಂಜಿನ್ ಬಂದ್ ಮಾಡಿದ. ಬಾಯಿ ತೆರೆದ. ಅವಳು ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಕಾಯ್ದಳು, ಅವನು ಏನೋ ಹೇಳುತ್ತಾನೆ ಎಂಬಂತೆ.

"ಹುಷಾರ ಇಳೀರಿ, ಯವ್ವಾ," ಎಂದ.

ಅದಾಗಿ ಈಗ ಎರಡನೆಯ ವರ್ಷ. ರೊಟ್ಟಿ ಲಿಂಗಸುಗೂರು ದಾಟಿ ಹೋಗುತ್ತಿದೆ. ಖಾತೂನ್‌ಬೀ ಓಣಿಯ ಕಟ್ಟೆಯ ಮೇಲೆ ಕೂತಿರುತ್ತಾಳೆ. ಬಾಗಿಲ ಚಿಲಕ ಹಾಕಿ ಬಂದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ಒಳಗೆ ಹೋಗಿ ನೋಡಿ ಬರುತ್ತಾಳೆ. ಗುರುಬಸವ ದಿನಾ ಅದೇ ಓಣಿಯಲ್ಲಿ ಗಾಡಿ ಓಡಿಸುತ್ತಾನೆ. ಅವತ್ತು ಆ ಚಿಲಕ ತೆಗೆದವನು ತಾನು ಎಂದು ಅವನು ಅವಳಿಗೆ ಹೇಳಲೇ ಇಲ್ಲ.