ನಂಬರ್ ಚೀಟಿಯ ಹಿಂಬದಿ

ಮಂಡ್ಯ ಕಡೆಯಿಂದ ಬರುವಾಗ ಮದ್ದೂರು ಇನ್ನೂ ಎರಡು ಮೈಲಿ ಇದೆ ಅನ್ನುವಾಗಲೇ ಹೆದ್ದಾರಿ ಪಕ್ಕ ನೀರಾಟದ ಪಾರ್ಕು ಸಿಗುತ್ತದೆ. ಸಿದ್ದರಾಮು ಅದರ ಮುಂದೆ ಬಸ್ಸಿಳಿದಾಗ ಒಂಬತ್ತೂವರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಊರಿನ ಏಳೂ ವಾಲ್ವು ತಿರುವಿ ನೀರು ಬಿಟ್ಟು, ನಿಲ್ಲಿಸಿ, ಸ್ನಾನ ಮಾಡಿ ಬಂದಿದ್ದ. ಇಸ್ತ್ರಿ ಮಾಡಿದ ಶರಟು ಹಾಕಿದ್ದ. ನಾಳೆ ರಾತ್ರಿ ಎಂಟಕ್ಕೆ ಇಲ್ಲಿ ಓಟ. ಪಾರ್ಕಿನ ದೀಪಗಳನ್ನೆಲ್ಲ ಹಚ್ಚಿ, ಜಾರುಬಂಡೆಗಳ ಕೆಳಗೆ, ಅಲೆ ಏಳುವ ಕೊಳದ ಸುತ್ತ ಹತ್ತು ಕಿಲೋಮೀಟರು ಓಡಿಸುತ್ತಾರೆ. ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯನ್ನು ಮಾತ್ರ ಹಿಂದಿನ ದಿನವೇ, ಸಂಜೆ ಐದರೊಳಗೆ, ಖುದ್ದು ಬಂದು ತೆಗೆದುಕೊಳ್ಳಬೇಕು. ಓಟದ ದಿನ ಕೊಡುವುದಿಲ್ಲ.

ಅವನು ಯಲಿಯೂರು ಪಕ್ಕದ ಹಳ್ಳಿಯಲ್ಲಿ ಪಂಚಾಯ್ತಿ ನೀರುಗಂಟಿ. ನಲವತ್ತೆಂಟು ವರ್ಷ. ಓಟ ಕಲಿತದ್ದು ಆ ಕೆಲಸದಲ್ಲೇ. ಮೇಲಿನ ಕೇರಿ ವಾಲ್ವಿಗೂ ಹೊಸ ಬಡಾವಣೆ ವಾಲ್ವಿಗೂ ಮುಕ್ಕಾಲು ಕಿಲೋಮೀಟರು ದೂರ. ಒಂದು ಕೇರಿಗೆ ಐದು ನಿಮಿಷ ನೀರು ಹೆಚ್ಚಾದರೆ ಇನ್ನೊಂದು ಕೇರಿ ಜಗಳಕ್ಕೆ ಬರುತ್ತದೆ. ಅದಕ್ಕೆ ವಾಲ್ವು ತಿರುವುವ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಅಲ್ಲಿಂದ ಇಲ್ಲಿಗೆ ಓಡುತ್ತಿದ್ದ. ಹದಿನೆಂಟು ವರ್ಷ ಹಾಗೆ ಓಡಿದ ಮೇಲೆ, ಒಂದು ದಿನ ಮದ್ದೂರಿನ ಸೈಬರ್ ಅಂಗಡಿಯ ಗೋಡೆಯ ಮೇಲೆ ಈ ಓಟದ ಪೋಸ್ಟರು ಕಂಡಿತು. ನಲವತ್ತೈದು ದಾಟಿದವರಿಗೆ ಬೇರೆ ವಿಭಾಗ ಎಂದಿತ್ತು. ಹೆಗಲ ಮೇಲೆ ಕೀಲಿ ಇಲ್ಲದೆ ಓಡಿದರೆ ಹೇಗಿರುತ್ತದೋ ನೋಡಬೇಕು ಅನಿಸಿತು. ಊರಲ್ಲಿ ಯಾರಿಗೂ ಹೇಳದೆ ಹೆಸರು ಕೊಟ್ಟ.

ಪಾರ್ಕಿನ ಬಾಗಿಲ ಹತ್ತಿರ ಶಾಮಿಯಾನ ಹಾಕಿ ಮೇಜು ಇಟ್ಟಿದ್ದರು. ಮೇಜಿನ ಹಿಂದೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಕಾಲೇಜು ಹುಡುಗಿ, ಹೆಸರು ಅರ್ಪಿತ. ಅವಳು ಅವನ ಆಧಾರ್ ಕಾರ್ಡು ನೋಡಿದಳು, ಲ್ಯಾಪ್‌ಟಾಪು ನೋಡಿದಳು.

"ಅಣ್ಣ, ಇಲ್ಲೊಂದು ತಪ್ಪಾಗಿದೆ. ತುರ್ತಿಗೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ಕಡೆನೂ ನಿಮ್ಮ ನಂಬರೇ ಇದೆ."

"ಸೈಬರ್‌ನೋನು ತುಂಬಿದ್ದು ಕಣಮ್ಮ. ಒಂದು ನಂಬ್ರ ಕೇಳ್ದ, ಕೊಟ್ಟೆ. ಇನ್ನೊಂದು ಕೇಳ್ದ, ಅದ್ನೇ ಆಕು ಅಂದೆ."

"ಬೇರೆಯವರದು ಬೇಕು ಅಣ್ಣ. ನಿಮಗೆ ಏನಾದ್ರೂ ಆದ್ರೆ ಹೇಳೋಕೆ."

"ನಂಗೇನಾದ್ರೂ ಆದ್ರೆ ನಂಗೇ ತಾನೆ ಮೊದ್ಲು ಗೊತ್ತಾಗೋದು."

ಹುಡುಗಿ ನಕ್ಕಳು. ಹೋದ ವರ್ಷ ಒಬ್ಬರು ತಲೆ ತಿರುಗಿ ಬಿದ್ದರಂತೆ. ಚೀಟಿಯ ಹಿಂದೆ ಬರೆದಿದ್ದ ನಂಬರಿಗೆ ಫೋನ್ ಮಾಡಿದರೆ ಅದು ಅವರ ಜೇಬಿನಲ್ಲೇ ಬಡಿದುಕೊಂಡಿತಂತೆ. ಅದಕ್ಕೇ ಈ ಸಲ ಕಟ್ಟುನಿಟ್ಟು. ಬರೆಸಿದ ನಂಬರಿಗೆ ಇಲ್ಲಿಂದಲೇ ಫೋನ್ ಮಾಡುತ್ತಾರೆ. ಆ ಕಡೆಯವರು ಒಪ್ಪಿದರೆ ಚೀಟಿ.

"ಮನೇಲಿ ಯಾರಾದ್ರೂ ಇರ್ತಾರಲ್ಲ, ಅವರದು ಹೇಳಿ."

ಮನೆಯಲ್ಲಿ ಅವ್ವ ಇದ್ದಳು. ತೀರಿಕೊಂಡು ಮೂರು ವರ್ಷ. ಹೆಣ್ಣು ನೋಡುವ ಶಾಸ್ತ್ರಗಳು ಅದಕ್ಕೂ ಮೊದಲೇ ನಿಂತಿದ್ದವು. ನೀರು ಬಿಡುವವನಿಗೆ ಯಾರು ಕೊಡುತ್ತಾರೆ ಎಂದು ದಲ್ಲಾಳಿಯೇ ಕೈಬಿಟ್ಟಿದ್ದ. ಉಳಿದವಳು ಅಕ್ಕ ಜಯಲಕ್ಷ್ಮಮ್ಮ ಒಬ್ಬಳು. ಅವಳನ್ನು ಮಳವಳ್ಳಿಗೆ ಕೊಟ್ಟಿತ್ತು. ಸಿದ್ದರಾಮು ಅವಳ ನಂಬರು ಹೇಳಿದ. ಅರ್ಪಿತ ಒತ್ತಿದಳು. ಕಿವಿಗಿಟ್ಟುಕೊಂಡು, ಮತ್ತೆ ಒತ್ತಿದಳು.

"ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಬರ್ತಿದೆ."

ಅವನೇ ತನ್ನ ಫೋನಿನಿಂದ ಮಾಡಿ ನೋಡಿದ. ಅದೇ ಮಾತು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಪೂರ್ತಿ ಕೇಳಿಸಿಕೊಂಡ.

"ಪರವಾಗಿಲ್ಲ, ಸ್ನೇಹಿತರು ಯಾರಾದ್ರೂ ಆಗುತ್ತೆ," ಅಂದಳು ಅರ್ಪಿತ. ಹಿಂದೆ ನಿಂತಿದ್ದವರಿಗೆ ಜಾಗ ಬಿಟ್ಟು ಅವನು ಶಾಮಿಯಾನದ ಕಂಬದ ಹತ್ತಿರ ಹೋಗಿ ನಿಂತ.

ಫೋನಿನಲ್ಲಿ ಮುನ್ನೂರಕ್ಕೂ ಹೆಚ್ಚು ನಂಬರುಗಳಿದ್ದವು. ಮೇಲಿನಕೇರಿ ಮೂಲೆ ಮನೆ. ಟ್ಯಾಂಕ್ ಹಿಂದ್ಲೋರು. ಸ್ಕೂಲ್ ಪಕ್ಕ ನಲ್ಲಿ. ಬೋರ್ ರಿಪೇರಿ. ಎಲ್ಲ ಹೀಗೇ. ಬೆಳಗಾದರೆ ಇವರೆಲ್ಲ ಅವನಿಗೆ ಫೋನ್ ಮಾಡುವವರು. ಅವನಾಗಿ ಇವರಿಗೆ ಮಾಡಿದ್ದು ನೆನಪಿಲ್ಲ. ಕೊನೆಗೆ ಪಂಚಾಯ್ತಿ ಮೆಂಬರು ಚಿಕ್ಕಬೋರಯ್ಯನಿಗೆ ಮಾಡಿದ.

"ಏನ್ಲಾ, ಮೋಟ್ರು ಸುಟ್ಟೋಯ್ತಾ?"

"ಇಲ್ಲ ಕಣಣ್ಣ, ಎಲ್ಲ ಸರಿಯಾಗೇ ಅದೆ. ನಾನು ಇಲ್ಲೊಂದು ಓಟಕ್ಕೆ ಸೇರೀವ್ನಿ. ನಿಮ್ಮೆಸರೂ ಫೋನ್ ನಂಬ್ರಾನೂ ಬರ್ಸಬೇಕಿತ್ತು."

"ನನ್ನೆಸರು ಯಾಕ್ಲಾ? ಓಡೋನು ನೀನು."

"ನಾನೇನಾದ್ರೂ ಬಿದ್ದುಗಿದ್ರೆ ನಿಮಗೆ ಫೋನ್ ಮಾಡ್ತಾರಂತೆ, ಅಷ್ಟೇಯ."

"ಅಂದ್ರೆ ಜಾಮೀನು," ಅಂದ ಚಿಕ್ಕಬೋರಯ್ಯ. "ಬ್ಯಾಡ ಕಣ್ಲಾ. ನಮ್ಮಪ್ಪ ಟ್ಯಾಕ್ಟ್ರು ಸಾಲಕ್ಕೆ ಒಬ್ಬಂಗೆ ಜಾಮೀನು ಬಿದ್ದು ಸಾಯೋಗಂಟ ಕೋರ್ಟಿಗೆ ಅಲ್ದ. ಸಾಯೋವಾಗ ಅದೊಂದೇ ಮಾತು ಏಳಿದ್ದು, ಯಾರ ಕಾಗ್ದದ ಮ್ಯಾಲೂ ಎಸರು ಕೊಡಬ್ಯಾಡ ಅಂತ. ನೀನು ಬಿದ್ರೆ ಪೋಲೀಸ್ನೋರು ನನ್ನ ಕರೀತಾರೆ. ನೀರಿನ ವಿಚಾರ ಏನಿದ್ರೂ ಕೇಳು, ಇದು ಬ್ಯಾಡ."

ಆಮೇಲೆ ಸಣ್ಣತಾಯಮ್ಮನಿಗೆ ಮಾಡಿದ. ಅವಳ ಮನೆ ಟ್ಯಾಂಕಿನ ಪಕ್ಕದಲ್ಲೇ. ಬೇಸಿಗೆಯಲ್ಲಿ ಅವನನ್ನು ಕರೆದು ಮಜ್ಜಿಗೆ ಕೊಡುವ ಹೆಂಗಸು ಊರಲ್ಲಿ ಅವಳೊಬ್ಬಳೇ. ಅವಳು ಪೂರ್ತಿ ಕೇಳಿಸಿಕೊಂಡಳು, ಜಾಮೀನಿನ ಮಾತು ಎತ್ತಲಿಲ್ಲ.

"ನಂಗೇನೂ ಇಲ್ಲ ಕಣಪ್ಪ," ಅಂದಳು ದನಿ ತಗ್ಗಿಸಿ. "ಒಂಟಿ ಗಂಡಸಿನ ಕಾಗ್ದದಲ್ಲಿ ನನ್ನೆಸರು ಇತ್ತು ಅಂದ್ರೆ ಈ ಊರು ಗೊತ್ತಲ್ಲ ನಿಂಗೆ. ನಮ್ಮನೇಲಿ ಸೊಸೆ ಬೇರೆ ಬಂದವ್ಳೆ. ಬೇಜಾರು ಮಾಡ್ಕಬ್ಯಾಡ."

"ಇಲ್ಲ ಬುಡಕ್ಕ."

"ಸಂಜೆ ನೀರು ಬತ್ತದಾ?"

"ಬತ್ತದೆ."

ಫೋನು ಜೇಬಿಗಿಟ್ಟು ಅವನು ಮೇಜಿನ ಹತ್ತಿರ ಹೋದ. ಎಷ್ಟು ಗಂಟೆವರೆಗೆ ಇರ್ತೀರಮ್ಮ ಎಂದು ಕೇಳಿದ. ಐದಕ್ಕೆ ಮುಚ್ಚುತ್ತೇವೆ, ಅದಾದ ಮೇಲೆ ಆಗುವುದಿಲ್ಲ ಅಂದಳು. ಅವನು ಲೆಕ್ಕ ಹಾಕಿದ. ಇಲ್ಲಿಂದ ಮದ್ದೂರು, ಮದ್ದೂರಿಂದ ಮಳವಳ್ಳಿ. ಹೋಗಿ ಬರಬಹುದು.

ದಾರಿಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳಿತು. ಭಾರತೀನಗರ ದಾಟುವವರೆಗೂ ಸಕ್ಕರೆ ಕಾರ್ಖಾನೆಯ ವಾಸನೆ. ಸಿದ್ದರಾಮು ಕಿಟಕಿ ಪಕ್ಕ ಕೂತು ಅಕ್ಕನ ಮುಂದೆ ಏನು ಹೇಳುವುದು ಎಂದು ಯೋಚಿಸಿದ. ಅವ್ವ ಇರುವವರೆಗೂ ಗೌರಿ ಹಬ್ಬಕ್ಕೆ ಎರಡು ದಿನ ಮೊದಲೇ ಮೊರದ ಬಾಗಿನ ಕಟ್ಟಿಕೊಂಡು ಇದೇ ಬಸ್ಸಿನಲ್ಲಿ ಮಳವಳ್ಳಿಗೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ಎರಡು ವರ್ಷ ಅವನೇ ಒಯ್ದು ಕೊಟ್ಟ. ಹೋದ ಸಲ ಹಬ್ಬದ ಮುಂದೆ ಪೈಪು ಒಡೆಯಿತು. ಹಬ್ಬದ ದಿನ ಊರಿಗೆಲ್ಲ ನೀರು ಜಾಸ್ತಿ ಬೇಕು, ಬಿಟ್ಟು ಹೊರಡುವ ಹಾಗಿರಲಿಲ್ಲ. ಬಾಗಿನದ ದುಡ್ಡನ್ನು ಫೋನಿನಲ್ಲೇ ಹಾಕಿದ. ಹಾಕಿ, ಅರಿಶಿನ ಕುಂಕುಮಕ್ಕೆ ಎಂದು ಬರೆದ. ಅರ್ಧ ಗಂಟೆಯಲ್ಲಿ ದುಡ್ಡು ವಾಪಸು ಬಂತು. ಅದರ ಜೊತೆ ಏನೂ ಬರೆದಿರಲಿಲ್ಲ. ಇವತ್ತು ಮಾಡೋಣ, ನಾಳೆ ಮಾಡೋಣ ಅನ್ನುತ್ತ ಅವನೂ ಮತ್ತೆ ಫೋನ್ ಮಾಡಿರಲಿಲ್ಲ. ಆರು ತಿಂಗಳಾಗಿತ್ತು.

ಮಳವಳ್ಳಿಯಲ್ಲಿ ಇಳಿದು ಬ್ಲಫ್ ರಸ್ತೆಯಲ್ಲಿ ಅರ್ಧ ಮೈಲಿ ನಡೆದ. ಹಣ್ಣಿನಂಗಡಿ ಮುಂದೆ ನಿಂತು ಒಂದು ಚಿಪ್ಪು ಬಾಳೆಹಣ್ಣು ಕೊಂಡ. ಅಕ್ಕನ ಮನೆ ಬಾಗಿಲು ಮುಂದಕ್ಕೆ ಹಾಕಿತ್ತು. ಪಕ್ಕದ ಶೀಟಿನ ಮನೆಯಲ್ಲಿ ರೇಷ್ಮೆ ಹುಳ. ಬಾಗಿಲಿಗೆ ನೊಣ ತಡೆಯುವ ನೈಲಾನ್ ಪರದೆ, ಹೊಸ್ತಿಲ ಮುಂದೆ ಸುಣ್ಣದ ಪುಡಿ. ಪರದೆಯ ಆಚೆ ಯಾರೋ ಬಗ್ಗಿ ಕೆಲಸ ಮಾಡುತ್ತಿದ್ದದ್ದು ಮಸುಕಾಗಿ ಕಂಡಿತು.

"ಅಕ್ಕ."

"ಯಾರು?" ತಲೆ ಎತ್ತಿ ನೋಡಿ, ಮತ್ತೆ ಬಗ್ಗಿದಳು. "ಅಲ್ಲೇ ನಿಂತ್ಕೊ. ಉಳ ಹಣ್ಣಾಗವೆ. ಒರಗ್ನೋರು ಒಳಿಕ್ಕೆ ಬರಂಗಿಲ್ಲ."

ಸಿದ್ದರಾಮು ಸುಣ್ಣದ ಗೆರೆಯ ಈಚೆ ನಿಂತ. ಮೊದಲೆಲ್ಲ ಹುಳ ಹಣ್ಣಾದರೆ ಅವಳೇ ಹೇಳಿ ಕಳಿಸುತ್ತಿದ್ದಳು. ಅವನು ಬಂದು, ಕೈಕಾಲು ತೊಳೆದು, ಮೈ ಹಳದಿ ತಿರುಗಿದ ಹುಳಗಳನ್ನು ಅವಳ ಜೊತೆ ಆರಿಸಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡುತ್ತಿದ್ದ. ಗೂಡು ಕಟ್ಟುವ ಹುಳ ಕಾಯುವುದಿಲ್ಲ. ಒಂದೆರಡು ದಿನದಲ್ಲೇ ಮುಗಿಯಬೇಕು.

"ಬಾವ ಎಲ್ಲೋದ್ರು?"

"ಚಂದ್ರಿಕೆ ಸಾಲ್ದು ಅಂತ ಬಾಡಿಗೆಗೆ ತರಕೆ ಓಗವ್ರೆ. ಏನು ಬಂದೆ?"

"ನಿನ್ನ ನಂಬ್ರ ಓಗ್ತಾ ಇಲ್ವಲ್ಲಕ್ಕ."

"ಸಿಮ್ಮು ಬೇರೆ ಆಕ್ಸಿ ಆರು ತಿಂಗಳಾಯ್ತು."

"ನಂಗೇಳ್ನಿಲ್ಲ."

"ನೀನು ಕೇಳಿದ್ಯಾ?"

ಅವನು ಬಾಳೆಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಓಟದ ವಿಷಯ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಮಕ್ಕಳಾಟದ ಹಾಗೆ ಕೇಳಿಸಿತು.

"ಹತ್ತು ಕಿಲೋಮೀಟ್ರು ಯಾಕೋ ಓಡ್ಬೇಕು," ಅಂದಳು ಜಯಲಕ್ಷ್ಮಮ್ಮ. "ಯಾರಾದ್ರೂ ಅಟ್ಟಿಸ್ಕಂಡು ಬತ್ತಾರಾ?"

"ಇಲ್ಲ. ಸುಮ್ಕೆ."

"ಓಡುದ್ರೆ ಏನು ಕೊಡ್ತಾರೆ?"

"ಒಂದು ಟೀಸರ್ಟು. ಒಂದು ಪದಕ."

"ಇಷ್ಟು ವರ್ಸ ಆ ಊರಿಗೆ ಓಡ್ದಲ್ಲ, ಏನು ಕೊಟ್ರು?"

ಪರದೆಯ ಆಚೆ ಅವಳ ಕೈ ಮಾತ್ರ ಆಡುತ್ತಿತ್ತು. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟಿದ್ದವು, ಒಳಗೆ ಸದ್ದೇ ಇರಲಿಲ್ಲ.

"ಒಂದು ನಂಬ್ರ ಬರ್ಸಬೇಕು ಅಂತಾರೆ ಕಣಕ್ಕ. ಬಿದ್ದುಗಿದ್ರೆ ಯಾರಿಗೇಳಬೇಕು ಅಂತ. ಜಾಮೀನಲ್ಲ. ಸೈನೂ ಇಲ್ಲ. ಅವ್ರು ಫೋನ್ ಮಾಡ್ದಾಗ ಊಂ ಅಂದ್ರೆ ಸಾಕು."

ಅವಳ ಕೈ ಒಂದು ಗಳಿಗೆ ನಿಂತಿತು. "ಹಬ್ಬದ ದಿನ ಓರಗಿತ್ತೀರ್ಗೆಲ್ಲ ತವ್ರಿಂದ ಬಂದಿತ್ತು," ಅಂದಳು. "ಬಾಗ್ಲಲ್ಲಿ ಕೂತಿದ್ದೆ. ಫೋನು ಟಿಂಗ್ ಅಂತು."

"ಪೈಪು ಒಡ್ದಿತ್ತು ಕಣಕ್ಕ."

"ಒಡ್ದಿತ್ತು. ಹಬ್ಬ ಆದ್ಮೇಲೂ ಒಡ್ದಿತ್ತಾ?"

ಸಿದ್ದರಾಮು ಸುಣ್ಣದ ಪುಡಿಯ ಮೇಲೆ ಮೂಡಿದ್ದ ಅವಳ ಹೆಜ್ಜೆ ಗುರುತುಗಳನ್ನು ನೋಡುತ್ತ ನಿಂತ. ಒಳಗಿನಿಂದ ಅವಳು ನಂಬರು ಹೇಳತೊಡಗಿದಳು. ಒಂದು ಹುಳ ಎತ್ತಿಡುವಾಗ ಎರಡು ಅಂಕಿ, ಇನ್ನೊಂದು ಎತ್ತಿಡುವಾಗ ಇನ್ನೆರಡು. ಅವನು ಫೋನಿಗೆ ಒತ್ತಿಕೊಂಡ. ನಡುವೆ ಒಂದು ತಪ್ಪಿ, ಮತ್ತೆ ಕೇಳಬೇಕಾಯಿತು.

"ನನ್ನ ನಂಬ್ರ ಅದೆಯಾ?"

"ನಿನ್ನದೇನು, ಊರಿಗೆಲ್ಲ ಗೊತ್ತಿರೋ ನಂಬ್ರ."

ಇನ್ನೂ ಸ್ವಲ್ಪ ಹೊತ್ತು ನಿಂತ. ನಾನೂ ಒಂದು ಕೈ ಹಾಕಲಾ ಎಂದು ಕೇಳಬೇಕೆನಿಸಿತು. ಹಾಕಿದರೆ ಐದಕ್ಕೆ ಅಲ್ಲಿ ಇರಲಾಗುವುದಿಲ್ಲ. ಕೇಳಿದರೂ ಅವಳು ಬೇಡ ಅಂದರೆ? "ಬತ್ತೀನಕ್ಕ," ಅಂದ. "ಊಂ," ಅಂದಳು. ಬಾಳೆಹಣ್ಣನ್ನು ಮನೆಯ ಜಗಲಿಯ ಮೇಲಿಟ್ಟು ರಸ್ತೆಗೆ ಬಂದ.

ಪಾರ್ಕಿಗೆ ವಾಪಸು ಬಂದಾಗ ನಾಲ್ಕು ಮುಕ್ಕಾಲು. ಮೇಜುಗಳನ್ನು ಮಡಚುತ್ತಿದ್ದರು. ಮೈಕು ಪರೀಕ್ಷೆ ಮಾಡುವವನೊಬ್ಬ ಒಂದು ಎರಡು ಮೂರು ಎಂದು ಕೂಗುತ್ತಲೇ ಇದ್ದ. ಅರ್ಪಿತ ಅವನ ಚೀಟಿಯನ್ನು ಬೇರೆಯಾಗಿ ಎತ್ತಿಟ್ಟಿದ್ದಳು. ಹೊಸ ನಂಬರು ಒತ್ತಿ, ಗದ್ದಲಕ್ಕೆ ಕೇಳಿಸುವುದಿಲ್ಲವೆಂದು ಸ್ಪೀಕರಿಗೆ ಹಾಕಿದಳು. ಬಹಳ ಹೊತ್ತು ಗಂಟೆ ಹೊಡೆಯಿತು. ಕೈ ತೊಳೆಯದೆ ಅಕ್ಕ ಫೋನು ಮುಟ್ಟುವುದಿಲ್ಲ ಎಂದು ಸಿದ್ದರಾಮುಗೆ ಗೊತ್ತಿತ್ತು. ಇನ್ನೇನು ನಿಂತುಹೋಗಬೇಕು, ಎತ್ತಿದಳು.

"ಅಮ್ಮ, ನಾವು ಮದ್ದೂರಿನ ಪಾರ್ಕಿಂದ. ಸಿದ್ದರಾಮು ಅನ್ನೋರು ನಿಮಗೆ..."

"ಯಾಕೆ, ಏನಾಯ್ತು ಅವನಿಗೆ?"

"ಏನೂ ಆಗಿಲ್ಲಮ್ಮ. ಓಟ ನಾಳೆ. ತುರ್ತಿಗೆ ಅಂತ ನಿಮ್ಮ ನಂಬರ್ ಕೊಟ್ಟಿದ್ದಾರೆ. ಬರ್ಕೊಳ್ಳೋದಾ?"

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವಳ ಎಂದಿನ ದನಿ.

"ಬರ್ಕಳಿ. ಅವನಿಗೆ ಇನ್ಯಾರವ್ರೆ."

ಫೋನು ಇಟ್ಟಳು. ಅರ್ಪಿತ ಅವನ ಮುಖ ನೋಡದೆ ಚೀಟಿ ತಿರುಗಿಸಿ, ಕಪ್ಪು ಮಾರ್ಕರಿನಲ್ಲಿ ಹೆಸರು ಬರೆದಳು, ನಂಬರು ಬರೆದಳು. "ಏನಾಗ್ಬೇಕು ನಿಮಗೆ?" ಎಂದು ಕೇಳಿದಳು.

"ಅಕ್ಕ," ಅಂದ.

ಅದನ್ನೂ ಬರೆದು, ನಾಲ್ಕು ಪಿನ್ನಿನ ಜೊತೆ ಕೊಟ್ಟಳು. "ಮಸಿ ಆರೋವರೆಗೂ ಮಡಿಸ್ಬೇಡಿ ಅಣ್ಣ."

ಹೆದ್ದಾರಿಯಲ್ಲಿ ಮಂಡ್ಯದ ಬಸ್ಸು ಹತ್ತಿದ. ಚೀಟಿಯನ್ನು ಎರಡು ಅಂಗೈ ಮೇಲೆ ಅಗಲವಾಗಿ ಹಿಡಿದು ಕೂತ. ಸಂಜೆ ನೀರಿನ ಫೋನುಗಳು ಆಗಲೇ ಶುರುವಾಗಿದ್ದವು, ಜೇಬಿನಲ್ಲಿ ಫೋನು ಒಂದೇ ಸಮ ನಡುಗುತ್ತಿತ್ತು. ತೆಗೆಯಲು ಕೈ ಖಾಲಿ ಇರಲಿಲ್ಲ. ಮದ್ದೂರಿಂದಲೇ ಹತ್ತಿದ್ದ ಯಲಿಯೂರಿನ ಮರಿಸಿದ್ದಯ್ಯ, ಹಾಲಿನ ಡೈರಿಯವನು, ಪಕ್ಕದ ಸೀಟಿನಿಂದ ಬಗ್ಗಿ ನೋಡಿದ.

"ಏನ್ಲಾ ಅದು, ಓಟಿನ ಚೀಟಿಯಾ?"

"ಓಟದ್ದು. ನಾಳೆ ರಾತ್ರಿ ಪಾರ್ಕಲ್ಲಿ ಓಡ್ತೀನಿ."

"ಈ ವಯಸ್ನಲ್ಲಿ ನಿಂಗ್ಯಾಕ್ಲಾ." ಕಣ್ಣು ಕಿರಿದು ಮಾಡಿ ಹಿಂಬದಿ ಓದಿದ. "ಜಯಲಕ್ಷ್ಮಮ್ಮ. ಮಳವಳ್ಳಿಗೆ ಕೊಟ್ಟಿದ್ರಲ್ಲ, ಆ ನಿಮ್ಮಕ್ಕಾನಾ?"

"ಊಂ."

"ಓಟ ನೋಡಕೆ ಬತ್ತಾರಾ?"

ಸಿದ್ದರಾಮು ಚೀಟಿಯ ಮೇಲೆ ಮೆಲ್ಲಗೆ ಉಸಿರೂದಿದ. "ಇಲ್ಲ ಕಣಣ್ಣ," ಅಂದ. "ಉಳ ಹಣ್ಣಾಗವೆ. ಇಲ್ದಿದ್ರೆ ಬರೋರು."