ಚಹಾ ಅಂಗಡಿಯ ಎಂಟು ಮೀಟರ್

ಫೋನು ಹೊಡೆದುಕೊಂಡಾಗ ಧಾರಿಣಿಯ ಬಾಯಲ್ಲಿ ಟೂತ್‌ಪೇಸ್ಟಿನ ನೊರೆಯಿತ್ತು. ಹದಿಮೂರು ದಿನದ ಕರ್ಮಗಳು ಮುಗಿದು ಅತ್ತೆ ಮಾವ ಹಿಂದಿನ ಸಂಜೆಯಷ್ಟೇ ರೈಲು ಹತ್ತಿದ್ದರು. ದೆಹಲಿ ಪಕ್ಕದ ಇಂದಿರಾಪುರಂನ ಏಳನೇ ಮಹಡಿಯ ಆ ಮನೆಯಲ್ಲಿ ಈಗ 'ಒಂದು ತುತ್ತಾದರೂ ತಿನ್ನು' ಎನ್ನುವವರು ಯಾರೂ ಇರಲಿಲ್ಲ. ಅವಳಿಗೆ ಅದು ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ನಾಚಿಕೆಯೂ ಆಗಲಿಲ್ಲ. ಬಾಯಿ ಮುಕ್ಕಳಿಸಿ ಫೋನೆತ್ತಿದಳು.

"ಅತ್ತಿಗೆ, ನಾನು ನಿತೇಶ್. ತಿಂಡಿ ಆಯ್ತಾ? ಇಡ್ಲಿ ಕಳಿಸ್ಲಾ?"

"ಬೇಡ. ವಿಷಯ ಹೇಳಿ."

ನಿತೇಶ್ ಉಡುಪಿ ಕಡೆಯವನು. ಅಪ್ಪ ಇಲ್ಲಿ ಕಟ್ಟಿದ ಹೋಟೆಲನ್ನು ನೋಡಿಕೊಂಡಿದ್ದ. ಅವನಿಗೂ ಧಾರಿಣಿಯ ಗಂಡ ಯಶವಂತನಿಗೂ ಭಾನುವಾರ ಬಂತೆಂದರೆ ಸೈಕಲ್ಲಿನ ಹುಚ್ಚು. ಫರಿದಾಬಾದ್ ಕಡೆಯ ಅರಾವಳಿ ಗುಡ್ಡಗಳಲ್ಲಿ ಒಂದು ರೇಸು ನಡೆಸಬೇಕೆಂದು ಇಬ್ಬರೂ ವರ್ಷದಿಂದ ಓಡಾಡಿದ್ದರು. ಹದಿನೆಂಟು ಕಿಲೋಮೀಟರಿನ ಸುತ್ತು, ನಾಲ್ಕು ಸಲ. ಇನ್ನೆರಡು ತಿಂಗಳಿದೆ ಎನ್ನುವಾಗ ಯಶವಂತನಿಗೆ ಡೆಂಗ್ಯೂ ಬಂತು. ಒಂಬತ್ತೇ ದಿನ.

"ರೇಸು ನಡೆಸುವುದೇ ಅಂತ ತೀರ್ಮಾನ ಆಯ್ತು, ಅವರ ಹೆಸರಲ್ಲಿ. ನಾಡಿದ್ದು ಕರಪತ್ರ ಪ್ರೆಸ್ಸಿಗೆ ಹೋಗ್ತದೆ. ಒಟ್ಟು ಏರು ಆರುನೂರ ಹನ್ನೆರಡು ಮೀಟರ್ ಅಂತ ಅವರು ಅಳೆದದ್ದುಂಟಲ್ಲ, ಅದನ್ನೇ ದೊಡ್ಡದಾಗಿ ಹಾಕುವಾ ಅಂತ. ಅವರ ನೋಟ್‌ಬುಕ್ಕಿನ ಒಂದು ಪುಟ ಸಹ ಸಿಕ್ಕಿದ್ರೆ..."

"ನೋಡ್ತೀನಿ."

ಯಶವಂತನ ಚೀಲ ಬಾಗಿಲ ಹಿಂದೆಯೇ ಇತ್ತು. ಅದರೊಳಗೆ ನೋಟ್‌ಬುಕ್ಕು, ದುಂಡನೆಯ ಚರ್ಮದ ಪೆಟ್ಟಿಗೆಯಲ್ಲಿ ಆಲ್ಟಿಮೀಟರು. ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಆ ಹಳೇ ಉಪಕರಣವನ್ನು ದೆಹಲಿಯ ದ್ವಾರಕಾದ ಏಕನಾಥರಿಂದ ಎರವಲು ತಂದಿದ್ದ. ಧಾರಿಣಿ ಭೌತಶಾಸ್ತ್ರ ಓದಿದವಳು, ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಂಕಿಗಳ ಪುಟ ಕಂಡರೆ ಸುಮ್ಮನೆ ಮಗುಚಿ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಓದತೊಡಗಿದಳು.

ಯಶವಂತ ನೂರಿನ್ನೂರು ಹೆಜ್ಜೆಗೊಮ್ಮೆ ನಿಂತು ಎತ್ತರ ಬರೆದಿದ್ದ. ಇಳಿದದ್ದನ್ನು ಬಿಟ್ಟು, ಏರಿದ್ದನ್ನೆಲ್ಲ ಕೂಡಿಸಿದ್ದ. ಒಂದು ಸುತ್ತಿಗೆ ನೂರೈವತ್ತಮೂರು, ನಾಲ್ಕರಿಂದ ಗುಣಿಸಿ ಆರುನೂರ ಹನ್ನೆರಡು. ಕೂಡಿಕೆಯಲ್ಲಿ ಒಂದೂ ತಪ್ಪಿಲ್ಲ. ಮೂರನೇ ಪುಟದ ನಡುವೆ 'ಚಹಾ ಅಂಗಡಿ' ಎಂದಿತ್ತು. ಅದರ ಮುಂದೆ ನಾಲ್ಕು ಅಂಕಿ: 251, 254, 250, 255.

ಚಹಾ ಕುಡಿಯುತ್ತ ಕೂತಾಗಲೂ ಬರೆದಿದ್ದಾನೆ. ಕೂತಲ್ಲಿ ಮುಳ್ಳು ಸುಮ್ಮನೆ ನಡುಗಿದೆ. ಆ ನಡುಕವನ್ನೂ ಏರೆಂದೇ ಲೆಕ್ಕ ಹಿಡಿದಿದ್ದಾನೆ: ಮೂರು, ಐದು. ಬೆಂಚಿನ ಮೇಲೆ ಕೂತೇ ಎಂಟು ಮೀಟರ್ ಹತ್ತಿದ್ದಾನೆ.

ಧಾರಿಣಿಗೆ ನಗು ಬಂತು. ಹೊಟ್ಟೆಯೊಳಗಿಂದ ಬಂದ ನಗು, ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಿತೇಶನಿಗೆ ಫೋನು ಮಾಡಿದಳು. "ಪುಟ ಕೊಡಲ್ಲ. ನಾಳೆ ಬೆಳಿಗ್ಗೆ ಸ್ಕೂಟರು ತನ್ನಿ. ಇವರು ಚಹಾ ಅಂಗಡೀಲಿ ಕೂತೇ ಎಂಟು ಮೀಟರ್ ಹತ್ತಿದ್ದಾರೆ, ದಾರಿಯುದ್ದಕ್ಕೂ ಹೀಗೇ ಆಗಿರುತ್ತೆ; ಮತ್ತೊಮ್ಮೆ ಅಳೀಬೇಕು."

ಮರುದಿನ ಮಂಜು ಕರಗುವ ಹೊತ್ತಿಗೆ ಇಬ್ಬರೂ ಗುಡ್ಡದ ರಸ್ತೆಯಲ್ಲಿದ್ದರು. ಅವಳು ನೂರು ಕಡೆ ನಿಲ್ಲಲಿಲ್ಲ. ರಸ್ತೆ ಏರಿ ಮುಗಿದ ನೆತ್ತಿ, ಇಳಿದು ಮುಗಿದ ತಗ್ಗು, ಅಷ್ಟು ಕಡೆ ಮಾತ್ರ. ಪ್ರತಿ ಸಲವೂ ಇಳಿದು, ಉಪಕರಣವನ್ನು ಅಂಗೈಯಲ್ಲಿ ಸಮನಾಗಿ ಹಿಡಿದು, ಮುಳ್ಳು ನೆಲೆಗೊಳ್ಳುವ ತನಕ ಕಾದು, ವೇಳೆಯ ಸಮೇತ ಬರೆದಳು. ಸುತ್ತು ಮುಗಿಸಿ ಹೊರಟ ಕಲ್ಲಿನ ಹತ್ತಿರವೇ ಬಂದಾಗ ಮುಳ್ಳು ನಾಲ್ಕು ಮೀಟರ್ ಮೇಲಿತ್ತು.

"ಅರೆ, ಕಲ್ಲು ಬೆಳೆದದ್ದಾ?" ಎಂದ ನಿತೇಶ್.

"ಗಾಳಿಯ ಒತ್ತಡ ಬದಲಾಗಿದೆ. ಆ ನಾಲ್ಕನ್ನ ದಾರಿಯುದ್ದಕ್ಕೂ ಹಂಚಿ ಕಳೀಬೇಕು. ಚಲೋ, ಇನ್ನೊಂದು ಸುತ್ತು."

ಮೊದಲ ಸುತ್ತಿಗೆ ತೊಂಬತ್ತೈದು ಬಂತು, ಎರಡನೆಯದಕ್ಕೆ ತೊಂಬತ್ತೇಳು. ಸ್ಕೂಟರಿನ ಸೀಟಿನ ಮೇಲೆ ಕಾಗದ ಹರಡಿ ಸರಾಸರಿ ತೊಂಬತ್ತಾರೆಂದು ಬರೆದು, ನಾಲ್ಕರಿಂದ ಗುಣಿಸಿ, ಕೆಳಗೆ ಗೆರೆ ಎಳೆದಳು.

"ಮುನ್ನೂರ ಎಂಬತ್ತನಾಲ್ಕಾ?" ನಿತೇಶನ ಮುಖ ಇಳಿಯಿತು. "ಅತ್ತಿಗೆ, ಮೊನ್ನೆ ಮೀಟಿಂಗಲ್ಲಿ ಆರುನೂರ ಹನ್ನೆರಡು ಅಂತ ಹೇಳಿ ಎಲ್ಲರೂ ಎರಡು ನಿಮಿಷ ಎದ್ದು ನಿಂತದ್ದು."

"ನಿಂತಿದ್ದು ಅವರಿಗೋ, ಅಂಕಿಗೋ?"

"ತಮಾಷೆ ಅಲ್ಲ ಮಾರಾಯ್ರೆ. ಅದು ಅವರು ಕೊನೆಗೆ ಬರೆದದ್ದು. ನಿಮ್ಮ ಕೈಯಿಂದಲೇ ಅಳಿಸುದಾ? ಹಾಗೇ ಇರ್ಲಿ ಬಿಡಿ, ಯಾರಿಗೆ ಗೊತ್ತಾಗ್ತದೆ?"

"ತುಳಿಯೋರಿಗೆ ಗೊತ್ತಾಗುತ್ತೆ. ಮುಂದೆ ದೊಡ್ಡ ಏರು ಇದೆ ಅಂತ ಶಕ್ತಿ ಉಳಿಸಿಕೊಂಡು ಕೂತವನು ಉಳಿಸಿಕೊಂಡೇ ಸೋಲ್ತಾನೆ. ಆಮೇಲೆ ಬಯ್ಯೋದು ಇವರನ್ನ. ಇವರು ಎದ್ದು ಬಂದು ತಿದ್ದೋಕಾಗುತ್ತಾ?"

ನಿತೇಶ್ ಹೆಲ್ಮೆಟ್ಟಿನ ಪಟ್ಟಿ ತಿರುಚುತ್ತ ರಸ್ತೆ ನೋಡಿದ. ಕಲ್ಲು ತುಂಬಿದ ಲಾರಿಯೊಂದು ಏದುಸಿರು ಬಿಡುತ್ತ ಏರಿ ಹೋಯಿತು.

"ಹೆಸರು ಎಂತ ಮಾಡುದು ಹಾಗಾದ್ರೆ?"

"ಇರಲಿ. ಈ ದಾರಿ ಹುಡುಕಿದ್ದು ಅವರು. 'ದಾರಿ: ಯಶವಂತ್' ಅಂತ ಹಾಕಿ. ಕೆಳಗೆ 'ಏರಿನ ಅಳತೆ: ಧಾರಿಣಿ'. ತಪ್ಪಿದ್ದರೆ ನನ್ನ ಕೇಳಲಿ."

ನಿತೇಶ್ ಕಾಗದವನ್ನು ಮತ್ತೊಮ್ಮೆ ಓದಿ ಅಂಗಿಯ ಜೇಬಿಗೆ ಸೇರಿಸಿದ. "ಸರಿ. ಈಗ ಆ ಎಂಟು ಮೀಟರಿನ ಚಹಾ ಆದ್ರೂ ಕುಡಿಯುವಾ. ಬೆಳಿಗ್ಗೆಯಿಂದ ಬರೀ ಹೊಟ್ಟೆ."

ಅವಳು ಎರಡು ಲೋಟ ಚಹಾ ಕುಡಿದಳು, ಅಂಗಡಿಯ ಭಯ್ಯಾ ಕೊಟ್ಟ ಬಿಸಿ ಬ್ರೆಡ್ ಪಕೋಡವನ್ನೂ ತಿಂದಳು.

ಕರಪತ್ರ ಅಚ್ಚಾಗಿ ಬಂದ ದಿನ ಆಲ್ಟಿಮೀಟರು ಹಿಡಿದು ಮೆಟ್ರೋದಲ್ಲಿ ದ್ವಾರಕಾಕ್ಕೆ ಹೋದಳು. ಏಕನಾಥರು ಧಾರವಾಡದ ಕಡೆಯವರು, ಸರ್ವೆ ಕೆಲಸದಿಂದ ನಿವೃತ್ತರಾದವರು. ಯಶವಂತನಿಗೆ ಅವರು ಕನ್ನಡ ಸಂಘದಲ್ಲಿ ಪರಿಚಯವಾಗಿದ್ದರು.

"ಒಳಗ ಬಾರವಾ. ಕೂಡ್ರು." ಅವರು ಕನ್ನಡಕ ಏರಿಸಿ, ಅವಳು ಕೊಟ್ಟ ಲೆಕ್ಕದ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ಮುನ್ನೂರಾ ಎಂಬತ್ನಾಕು. ಇದು ಬರೋಬ್ಬರಿ ಅದ."

ಹಾಳೆ ಮಡಿಸುತ್ತ ಹೇಳಿದರು, "ಅಂವಾ ಫೋನ್ ಮಾಡಿ ಆರನೂರಾ ಹನ್ನೆರಡು ಅಂದಾಗನ ನನಗ ಸಂಶೇ ಬಂದಿತ್ತು. ಭಾಳ ಖುಷೀಲೆ ಹೇಳ್ಲಿಕತ್ತಿದ್ದ. ತಿರುಗಿ ಕೊಡ್ಲಿಕ್ಕೆ ಬರ್ತಾನಲ್ಲ, ಆವಾಗ ಹೇಳಿದ್ರಾತು ಅಂತ ಸುಮ್ಮನಾದೆ."

"ಒಳ್ಳೇದೇ ಮಾಡಿದ್ರಿ ಕಾಕಾ."

ಅವರು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟು ಮುಚ್ಚಳ, ಗಾಜು, ಹೊಲಿಗೆ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಹೆಗಲ ಪಟ್ಟಿಯ ಮೇಲೆ ಬೆರಳು ನಿಂತಿತು. "ಈ ತೂತು ನಂದಲ್ಲ."

ಧಾರಿಣಿ ಬಗ್ಗಿ ನೋಡಿದಳು. ಸಾಲಾಗಿದ್ದ ಹಳೇ ತೂತುಗಳಿಂದ ಮೂರು ಬೆರಳು ಆಚೆಗೆ ಹೊಸದೊಂದು, ಅಂಚು ಒರಟು. ಕಾಸಿದ ಮೊಳೆಯಿಂದ ಮಾಡಿದ್ದಿರಬೇಕು. "ಅವರದ್ದು. ಪೆಟ್ಟಿಗೆ ಸೊಂಟಕ್ಕೆ ಬಡಿಯುತ್ತೆ ಅಂತಿದ್ದರು, ಪಟ್ಟಿ ಗಿಡ್ಡ ಮಾಡಿಕೊಂಡಿರಬೇಕು. ಹೊಸ ಪಟ್ಟಿ ಹಾಕಿಸಿಕೊಡ್ತೀನಿ."

"ಬ್ಯಾಡ."

ಏಕನಾಥರು ಕೊಂಡಿಯನ್ನು ಹಳೆಯ ತೂತಿಗೆ ಸರಿಸಲಿಲ್ಲ. ಹಾಗೆಯೇ ಎದ್ದು ಹೋಗಿ ಪೆಟ್ಟಿಗೆಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಅದು ಒಂದೆರಡು ಸಲ ಅತ್ತಿತ್ತ ಆಡಿ, ಮೊದಲು ತೂಗುತ್ತಿದ್ದ ಜಾಗಕ್ಕಿಂತ ತುಸು ಮೇಲೆ ನಿಂತಿತು. ಅದರ ಕೆಳಗೆ, ಇಷ್ಟು ವರ್ಷ ಪೆಟ್ಟಿಗೆಯ ಮರೆಯಲ್ಲಿದ್ದು ಬಿಸಿಲು ತಾಗದ ಸುಣ್ಣದ ಬಿಳಿ ಅರ್ಧಚಂದ್ರದಂತೆ ಕಾಣುತ್ತಿತ್ತು.