ಸೆಂಕಾ ಬರೆಯದ ಸಾಲು

ಪಂಕ್ ತಂಡದ ಹಾಡುಗಾರ್ತಿ ಸೆಂಕಾ ಇಪ್ಪತ್ಮೂರನೇ ವಯಸ್ಸಿಗೇ ತೀರಿಕೊಂಡು ವರ್ಷ ತುಂಬುತ್ತಿತ್ತು. ಅವಳ ಕೊನೆಯ ಹಾಡಿನ ಸಾಲು ನೋವಿ ಸಾದ್ ನಗರದ ಗೋಡೆಗಳ ಮೇಲೆಲ್ಲ ಇತ್ತು: 'ಅಮ್ಮಾ, ದೀಪ ಆರಿಸಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ.' ಸಾಯುವ ಮುಂಚೆ ಮೂರು ವರ್ಷ ಅವಳು ತಾಯಿಯೊಡನೆ ಮಾತು ಬಿಟ್ಟಿದ್ದಳು. ತಾಯಿ ದೆಸಾಂಕಾಳಿಗೆ ಆ ಸಾಲೇ ಮಗಳ ಕ್ಷಮೆಯಾಗಿತ್ತು.

ಅದನ್ನು ಬರೆದವನು ಅದೇ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಒಗ್ನೆನ್, ತನ್ನ ತಾಯಿಯನ್ನು ನೆನೆದು. ಯಾರೇ ಬರೆದರೂ ತಂಡದ ನಾಲ್ವರ ಹೆಸರನ್ನೂ ಹಾಕುವುದು ಕಟ್ಟಳೆಯಾಗಿದ್ದರಿಂದ ಹೊರಗಿನ ಯಾರಿಗೂ ಇದು ತಿಳಿದಿರಲಿಲ್ಲ.

ಸಮಾಧಿಯ ಕಲ್ಲಿಗೆ ಆ ಸಾಲು ಕೆತ್ತಿಸಲು ದೆಸಾಂಕಾ ಅವನನ್ನೂ ಕರೆದೊಯ್ದಳು.

"ಸರಿಯಾಗಿ ನೋಡಿ ಹೇಳಪ್ಪ. ಆಮೇಲೆ ತಪ್ಪು ಅಂದ್ರೆ ಕಲ್ಲು ಅಳಿಸೋ ರಬ್ಬರು ನನ್ನ ಹತ್ರ ಇಲ್ಲ," ಎಂದು ಕಲ್ಲುಕುಟಿಗ ದೆಸಾಂಕಾ ಬರೆದುಕೊಟ್ಟ ಚೀಟಿಯನ್ನು ಒಗ್ನೆನ್‌ನ ಮುಂದೆ ಹಿಡಿದು ನಕ್ಕ.

ಒಗ್ನೆನ್‌ಗೆ ತಡೆಯಲಾಗಲಿಲ್ಲ. "ಆಂಟೀ, ಇದು ಅವಳದ್ದಲ್ಲ. ನಾನು ಬರೆದಿದ್ದು."

ದೆಸಾಂಕಾ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಸಿದಳು. ಹೇಳಿದರೆ ಎದೆ ಹಗುರಾದೀತು ಎಂದುಕೊಂಡಿದ್ದವನಿಗೆ ಅವಳ ಮುಖ ಕಂಡು ಹೆದರಿಕೆಯಾಯಿತು.

"ಆದ್ರೂ ಹಾಡೋವಾಗ ಅವಳು ನಿಮ್ಮನ್ನೇ ನೆನೆಸ್ಕೊಂಡು..."

"ಈಗ ಸುಳ್ಳು ಬೇಡ ಕಣೋ. ಸುಳ್ಳು ಹೇಳೋದಿದ್ರೆ ಇವ್ನು ಕೇಳ್ದಾಗ್ಲೇ ಹೇಳ್ಬೇಕಿತ್ತು."

ಅವಳು ಕುಟಿಗನ ಕಡೆ ತಿರುಗಿದಳು. "ಮಗಳ ಹೆಸರು ಮಾತ್ರ ಕೆತ್ತಿಬಿಡು."